ಕೆಮ್ಮಿಗೆ ಕಿವಿಗೊಟ್ಟ ಚರಿತ್ರೆ: ಮೈಸೂರಿನ ಕ್ಷಯರೋಗಾಸ್ಪತ್ರೆಯಿಂದ ತುಮಕೂರಿನ ಹಳ್ಳಿಗಳವರೆಗೆ

ಮೈಸೂರು ನಗರದಿಂದ ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ವಿಶಾಲವಾದ ಆಸ್ಪತ್ರೆಯ ಆವರಣವೊಂದಿದೆ. ಊರಿನ ಹಳಬರು ಅದನ್ನು 'ಪಿ.ಕೆ. ಸ್ಯಾನಟೋರಿಯಂ' ಎಂದು ಕರೆಯುತ್ತಾರೆ. ಈಚಿನ ತಲೆಮಾರಿನವರು ಆ ಕಡೆಗೆ ಹೋಗುವುದು ಬಹುಮಟ್ಟಿಗೆ ಅಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆಗಾಗಿ. 'ಪಿ.ಕೆ.' ಎಂಬ ಎರಡು ಅಕ್ಷರಗಳಲ್ಲಿ ಒಬ್ಬ ರಾಜಕುಮಾರಿಯ ಹೆಸರು ಅಡಗಿದೆ ಎಂಬುದಾಗಲಿ, ಆ ಹೆಸರಿನ ಹಿಂದೆ ಒಂದು ಮನೆತನದ ಮಹಾಶೋಕವಿದೆ ಎಂಬುದಾಗಲಿ ಹಲವರಿಗೆ ತಿಳಿಯದು. ಅದರ ಪೂರ್ಣ ಹೆಸರು ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಸ್ಯಾನಟೋರಿಯಂ.

ಕ್ಷಯರೋಗದ ಬಗೆಗೆ ಜನರಲ್ಲಿ ಅರಿವು ಮೂಡಿಸಬೇಕೆಂಬ ಮಾತು ಪ್ರತಿವರ್ಷ ಮಾರ್ಚ್ 24ರಂದು, ವಿಶ್ವ ಕ್ಷಯ ದಿನದ ಸಂದರ್ಭದಲ್ಲಿ, ಎಲ್ಲೆಡೆ ಕೇಳಿಬರುತ್ತದೆ. ಆದರೆ ಅರಿವು ಮೂಡಬೇಕಾದದ್ದು ಯಾರಲ್ಲಿ? ಕೆಮ್ಮುವವನಲ್ಲಿಯೋ, ಆ ಕೆಮ್ಮನ್ನು ಕೇಳುವವನಲ್ಲಿಯೋ? ಈ ಪ್ರಶ್ನೆಗೆ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ಒಂದು ಸ್ಪಷ್ಟವಾದ ಉತ್ತರವಿದೆ. ಆ ಉತ್ತರದ ಒಂದು ತುದಿ ಮೈಸೂರಿನ ಅರಮನೆಯಲ್ಲಿದೆ. ಇನ್ನೊಂದು ತುದಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿದೆ.

ರಾಜಯಕ್ಷ್ಮ ಎಂಬ ಹೆಸರು

ಕ್ಷಯ ಎಂದರೆ ಸವೆಯುವುದು, ಕುಂದುವುದು. ಶಾಸ್ತ್ರದಲ್ಲಿ ಈ ಪದಕ್ಕೆ ಒಳ್ಳೆಯ ಅರ್ಥವೂ ಉಂಟು: ಕರ್ಮಕ್ಷಯವಾದರೆ ಜೀವನಿಗೆ ಮುಕ್ತಿ. ಆದರೆ ಲೋಕದ ಬಾಯಲ್ಲಿ ಕ್ಷಯವೆಂದರೆ ದೇಹವೇ ಸವೆದುಹೋಗುವ ರೋಗ. ಆಯುರ್ವೇದವು ಇದನ್ನು ಶೋಷವೆಂದೂ ರಾಜಯಕ್ಷ್ಮವೆಂದೂ ಕರೆಯಿತು. ಈ ಎರಡನೆಯ ಹೆಸರಿಗೆ ಪೌರಾಣಿಕ ಮೂಲವಿದೆ. ನಕ್ಷತ್ರಗಳ ರಾಜನಾದ ಚಂದ್ರನು ದಕ್ಷನ ಇಪ್ಪತ್ತೇಳು ಮಂದಿ ಪುತ್ರಿಯರನ್ನು ವರಿಸಿ, ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾದನು; ಉಳಿದವರ ದೂರನ್ನು ಕೇಳಿ ಕುಪಿತನಾದ ದಕ್ಷನ ಶಾಪದಿಂದ ಅವನಿಗೆ ಯಕ್ಷ್ಮ ಹತ್ತಿತು; ರಾಜನಿಗೆ ಮೊದಲು ಬಂದ ರೋಗವಾದುದರಿಂದ ಅದು ರಾಜಯಕ್ಷ್ಮವಾಯಿತು ಎಂಬುದು ಕಥೆ. ಚರಕಸಂಹಿತೆಯು ಈ ಕಥೆಯನ್ನು ಹೇಳುವುದರ ಜೊತೆಗೆ ರೋಗಕ್ಕೆ ನಾಲ್ಕು ಕಾರಣಗಳನ್ನೂ ಎಣಿಸುತ್ತದೆ: ಶಕ್ತಿಮೀರಿದ ಶ್ರಮ, ದೇಹದ ವೇಗಗಳನ್ನು ತಡೆಯುವುದು, ಧಾತುಗಳ ಕ್ಷಯ ಮತ್ತು ಹೊತ್ತುಗೊತ್ತಿಲ್ಲದ, ಹೊಂದಿಕೆಯಿಲ್ಲದ ಊಟ.

ಈ ಪರಂಪರೆಯಲ್ಲಿ ಎರಡು ಎಳೆಗಳಿರುವುದನ್ನು ಗಮನಿಸಬೇಕು. ದಣಿದ ದೇಹಕ್ಕೂ ಹಸಿದ ಹೊಟ್ಟೆಗೂ ಈ ರೋಗ ಬೇಗ ಹತ್ತುತ್ತದೆ ಎಂಬ ಅನುಭವದ ತಿಳಿವಳಿಕೆ ಒಂದು ಎಳೆ. ರೋಗಿಯು ಎಲ್ಲಿಯೋ ತಪ್ಪು ಮಾಡಿದ್ದಾನೆ, ಶಾಪಗ್ರಸ್ತನಾಗಿದ್ದಾನೆ ಎಂಬ ಭಾವನೆ ಇನ್ನೊಂದು ಎಳೆ. ಮೊದಲನೆಯದನ್ನು ಜನ ಮರೆತರು, ಎರಡನೆಯದನ್ನು ಉಳಿಸಿಕೊಂಡರು. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಅದನ್ನು ನೆರೆಹೊರೆಗೆ ತಿಳಿಯದಂತೆ ಮುಚ್ಚಿಡುವ, ಹೆಣ್ಣುಮಕ್ಕಳಿಗಾದರೆ ಮದುವೆಯ ಮಾತು ಮುರಿದೀತೆಂದು ಔಷಧಿಯನ್ನೂ ಕದ್ದು ಕುಡಿಸುವ ಪದ್ಧತಿಗೆ ಈ ಎರಡನೆಯ ಎಳೆಯೇ ಬೇರು.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು ಈ ರೋಗಕ್ಕೆ ಕಾರಣವಾದ ದಂಡಾಣುವನ್ನು ತೋರಿಸಿಕೊಟ್ಟನು. ಶಾಪವೂ ಅಲ್ಲ, ವಂಶದ ದೋಷವೂ ಅಲ್ಲ. ಒಬ್ಬರ ಶ್ವಾಸಕೋಶದಿಂದ ಕೆಮ್ಮಿನ ಹನಿಗಳ ಮೂಲಕ ಗಾಳಿಗೆ ಸೇರಿ, ಇನ್ನೊಬ್ಬರ ಶ್ವಾಸಕೋಶವನ್ನು ಹೊಗುವ ಸೂಕ್ಷ್ಮಜೀವಿ ಎಂಬುದು ಆ ದಿನದಿಂದ ಲೋಕಕ್ಕೆ ತಿಳಿಯಿತು. ಆದರೆ ತಿಳಿದದ್ದು ಪ್ರಯೋಗಾಲಯಕ್ಕೆ. ಮನೆಗಳಿಗೆ ಅದು ತಲುಪಲು ಬಹುಕಾಲ ಹಿಡಿಯಿತು.

ಅರಮನೆಯ ಶೋಕ

ಮೈಸೂರಿನ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡಾಗ ಅವರ ಮಕ್ಕಳೆಲ್ಲ ಎಳೆಯರು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ರಾಜ್ಯವನ್ನೂ ಮಕ್ಕಳನ್ನೂ ನೋಡಿಕೊಂಡರು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತವನ್ನು ವಹಿಸಿಕೊಂಡರು. ಅವರ ಮೂವರು ಸಹೋದರಿಯರಿಗಾಗಿ ಕಟ್ಟಿಸಿದ ಭವನಗಳು ಇಂದಿಗೂ ಮೈಸೂರಿನ ಹೆಗ್ಗುರುತುಗಳಾಗಿವೆ. ಜಯಲಕ್ಷಮ್ಮಣ್ಣಿಯವರ ಜಯಲಕ್ಷ್ಮೀವಿಲಾಸ ಭವನ ಮಾನಸಗಂಗೋತ್ರಿಯಲ್ಲಿದೆ. ಚೆಲುವಾಜಮ್ಮಣ್ಣಿಯವರ ಚೆಲುವಾಂಬ ಭವನದಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವಿದೆ. ಕೃಷ್ಣಾಜಮ್ಮಣ್ಣಿಯವರ ಕಾರಂಜಿ ಭವನದಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರವಿದೆ.

ಈ ಕೃಷ್ಣಾಜಮ್ಮಣ್ಣಿಯವರು ಸರದಾರ್ ದೇಸರಾಜ ಅರಸರ ಪತ್ನಿ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಇವರ ಮನೆಗೆ ಕ್ಷಯ ಕಾಲಿಟ್ಟಿತು. ತಾಯಿಯೂ ಹೆಣ್ಣುಮಕ್ಕಳೂ ಒಬ್ಬರಾದ ಮೇಲೊಬ್ಬರಂತೆ ಅದಕ್ಕೆ ಬಲಿಯಾದರು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಕೆರೆಯ ಸನಿಹದಲ್ಲಿ, ಎತ್ತರವಾದ ಕೋಣೆಗಳ ಭವ್ಯ ಸೌಧ, ಬೇಕಾದಷ್ಟು ಆಹಾರ, ಕರೆದಾಗ ಬರುವ ವೈದ್ಯರು, ಇಷ್ಟೆಲ್ಲ ಇದ್ದೂ ಒಂದು ಕುಟುಂಬ ಕಣ್ಣೆದುರಿಗೇ ಕರಗಿಹೋಯಿತು. ರಾಜಯಕ್ಷ್ಮವೆಂಬ ಹಳೆಯ ಹೆಸರು ಮೈಸೂರಿನಲ್ಲಿ ಅಕ್ಷರಶಃ ನಿಜವಾಯಿತು.

ಹೊರಗಿನಿಂದ ನೋಡಿದವರಿಗೆ ಇದು ವಂಶದ ರೋಗವೆಂದೇ ತೋರಿರಬೇಕು. ತಾಯಿಗೆ ಬಂದದ್ದು ಮಕ್ಕಳಿಗೂ ಬಂತು ಎಂದರೆ ಬೇರೆ ಏನೆಂದುಕೊಂಡಾರು? ಆದರೆ ಕ್ಷಯ ರಕ್ತದಿಂದ ರಕ್ತಕ್ಕೆ ಇಳಿಯುವುದಲ್ಲ. ಒಂದೇ ಸೂರಿನಡಿ, ಒಂದೇ ಗಾಳಿಯಲ್ಲಿ, ಹಗಲಿರುಳು ಜೊತೆಗಿದ್ದವರಿಗೆ ತಗಲುವುದು ಅದರ ಸ್ವಭಾವ. ಶುಶ್ರೂಷೆಗೆಂದು ಹಾಸಿಗೆಯ ಬಳಿ ಕುಳಿತವರೇ ಮುಂದೆ ಹಾಸಿಗೆ ಹಿಡಿಯುತ್ತಿದ್ದರು. ಆ ಕಾಲಕ್ಕೆ ಕ್ಷಯಕ್ಕೆ ಮದ್ದು ಎಂಬುದೇ ಇರಲಿಲ್ಲ. ದಂಡಾಣು ಪತ್ತೆಯಾಗಿ ಮೂರು ದಶಕಗಳಾಗಿದ್ದರೂ ಅದನ್ನು ಕೊಲ್ಲುವ ಔಷಧಿಗೆ ಇನ್ನೂ ಮೂರು ದಶಕ ಕಾಯಬೇಕಾಗಿತ್ತು.

ಗಾಳಿ ಬೆಳಕಿನ ಆಸ್ಪತ್ರೆ

ಸಹೋದರಿಯ ನೆನಪಿಗಾಗಿ ನಾಲ್ವಡಿಯವರು ಕಟ್ಟಿಸಿದ್ದು ಸಮಾಧಿ ಮಂಟಪವನ್ನಲ್ಲ. ಕ್ಷಯರೋಗಿಗಳಿಗಾಗಿ ಒಂದು ಸ್ಯಾನಟೋರಿಯಮ್ಮನ್ನು. 1921ರಲ್ಲಿ ಅದು ಸ್ಥಾಪಿತವಾಯಿತು. ಅಂದಿನ ಊರಿನಿಂದ ಹೊರಗೆ, ಮನೆಗಳ ದಟ್ಟಣೆಯಿಲ್ಲದ ಬಯಲಿನಲ್ಲಿ ಅದಕ್ಕೆ ಜಾಗ ದೊರೆಯಿತು.

ಸ್ಯಾನಟೋರಿಯಂ ಎಂಬ ಕಲ್ಪನೆ ಯುರೋಪಿನದು. 19ನೆಯ ಶತಮಾನದ ನಡುವಿನಲ್ಲಿ ಹರ್ಮನ್ ಬ್ರೆಮರ್ ಎಂಬ ವೈದ್ಯನು ಸೈಲೀಸಿಯಾದ ಬೆಟ್ಟಪ್ರದೇಶದಲ್ಲಿ ಕ್ಷಯರೋಗಿಗಳನ್ನು ತೆರೆದ ಗಾಳಿಯಲ್ಲಿರಿಸಿ, ಹೊಟ್ಟೆ ತುಂಬ ಉಣಿಸಿ, ಅಳತೆಯ ನಡಿಗೆ ಕಲಿಸಿ ಉಪಚರಿಸುವ ಕ್ರಮವನ್ನು ಆರಂಭಿಸಿದನು. ಭಾರತದಲ್ಲಿ ಅಜ್ಮೀರದ ಸಮೀಪದ ತಿಲೋನಿಯಾದಲ್ಲಿ 1906ರಲ್ಲಿ ಇಂಥ ಮೊದಲ ಚಿಕಿತ್ಸಾಲಯ ಸ್ಥಾಪನೆಯಾಯಿತು. 1910ರ ದಶಕದಲ್ಲಿ ಮೈಸೂರು ಸೀಮೆಯ ಗಡಿಗೆ ಹತ್ತಿರವಾದ ಮದನಪಲ್ಲೆಯಲ್ಲಿ ಆರೋಗ್ಯವರಂ ಎಂಬ ದೊಡ್ಡ ಸ್ಯಾನಟೋರಿಯಂ ತಲೆಯೆತ್ತಿತು. ಡೆನ್ಮಾರ್ಕಿನ ವೈದ್ಯ ಫ್ರಿಮೊಟ್ ಮೊಲ್ಲರ್ ಅದನ್ನು ಬೆಳೆಸಿದರು. ಮೈಸೂರಿನ ಆಸ್ಪತ್ರೆ ಈ ಸಾಲಿನಲ್ಲಿ ಬಂದದ್ದು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ, ಬೇಸಗೆಯಲ್ಲಿಯೂ ಅತಿಯಾಗಿ ಕಾಯದ ಮೈಸೂರಿನ ಹವೆಯು ಇಂಥ ಉಪಚಾರಕ್ಕೆ ಒಪ್ಪುವಂಥದು.

ಸ್ಯಾನಟೋರಿಯಮ್ಮುಗಳ ದಿನಚರಿ ಎಲ್ಲೆಡೆ ಬಹುಮಟ್ಟಿಗೆ ಒಂದೇ ಆಗಿತ್ತು. ವಿಶಾಲವಾದ ಜಗುಲಿಗಳಲ್ಲಿ ಮಂಚಗಳ ಸಾಲು, ಹಾಲು, ಮೊಟ್ಟೆ, ಹಣ್ಣು, ಹಲವು ಗಂಟೆಗಳ ಮೌನವಿಶ್ರಾಂತಿ, ಬೆಳಗ್ಗೆ ಸಂಜೆ ಜ್ವರದ ಅಳತೆ, ತಿಂಗಳಿಗೊಮ್ಮೆ ತೂಕ. ಉಗುಳಲು ಪ್ರತಿಯೊಬ್ಬರಿಗೂ ಮುಚ್ಚಳವಿರುವ ಪಾತ್ರೆ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಕಂಡಲ್ಲಿ ಉಗುಳಬಾರದು, ಬಿಸಿಲು ಗಾಳಿ ಬರುವಂತೆ ಕಿಟಕಿ ತೆರೆದಿಡಬೇಕು ಎಂಬ ಪಾಠವನ್ನು ರೋಗಿಗಳು ಅಲ್ಲಿ ಕಲಿಯುತ್ತಿದ್ದರು. ಗುಣವಾಗಿ ಹೋದವರು ಅದನ್ನು ತಮ್ಮ ಮನೆಗಳಿಗೆ ಒಯ್ಯುತ್ತಿದ್ದರು. ಕ್ಷಯದ ಬಗೆಗಿನ ಮೊದಲ ಸಾರ್ವಜನಿಕ ಶಿಕ್ಷಣ ನಡೆದದ್ದು ಹೀಗೆ.

ಮೈಸೂರು ನಗರ ಈ ಪಾಠಕ್ಕೆ ತೀರ ಹೊಸದೇನೂ ಆಗಿರಲಿಲ್ಲ. 1898ರ ಪ್ಲೇಗಿನ ಪೆಟ್ಟನ್ನು ಉಂಡಿದ್ದ ಊರು ಅದು. ಇಕ್ಕಟ್ಟಾದ ಕೇರಿಗಳೇ ಸಾವಿನ ಮನೆಗಳೆಂಬುದನ್ನು ಕಂಡು 1903ರಲ್ಲಿ ನಗರ ಸುಧಾರಣಾ ವಿಶ್ವಸ್ಥ ಮಂಡಳಿಯನ್ನು ಸ್ಥಾಪಿಸಲಾಗಿತ್ತು. ದೇಶದಲ್ಲಿ ಇಂಥ ಮಂಡಳಿಯನ್ನು ಪಡೆದ ಮೊದಲ ಕೆಲವು ನಗರಗಳಲ್ಲಿ ಮೈಸೂರೂ ಒಂದು. ಅಗಲವಾದ ಬೀದಿಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು, ಮನೆಯ ಸುತ್ತ ಗಾಳಿಯಾಡಲು ತೆರಪು. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಕಾಣುವ ಈ ಲಕ್ಷಣಗಳು ಸೌಂದರ್ಯಕ್ಕಾಗಿ ಮಾತ್ರ ಹುಟ್ಟಿದವಲ್ಲ. ಪ್ಲೇಗಿಗೆಂದು ಮಾಡಿದ ವ್ಯವಸ್ಥೆ ಕ್ಷಯಕ್ಕೂ ಒಂದು ತಡೆಯಾಗಿತ್ತು.

ಸ್ಯಾನಟೋರಿಯಮ್ಮಿಗೆ ರಾಜಕುಮಾರಿಯ ಹೆಸರನ್ನಿಟ್ಟದ್ದು ಇಲ್ಲಿ ವಿಶೇಷವಾಗಿ ಗಮನಾರ್ಹ. ಸಾಮಾನ್ಯ ಗೃಹಸ್ಥರು ಮನೆಯಲ್ಲಿ ಕ್ಷಯದಿಂದ ಸತ್ತವರ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲು ಅಂಜುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ರಾಜ್ಯದ ಅತ್ಯುನ್ನತ ಕುಟುಂಬವು ತನ್ನ ಮಗಳ ಹೆಸರನ್ನು ಕ್ಷಯದ ಹೆಸರಿನ ಪಕ್ಕದಲ್ಲಿಯೇ, ಎಲ್ಲರೂ ಓದುವಂತೆ, ಆಸ್ಪತ್ರೆಯ ಬಾಗಿಲ ಮೇಲೆ ಬರೆಯಿಸಿತು. ಈ ರೋಗ ನಮ್ಮ ಮನೆಗೂ ಬಂದಿತ್ತು ಎಂಬ ಬಹಿರಂಗ ಒಪ್ಪಿಗೆ ಅದು. ನೂರು ಭಾಷಣಗಳಿಗಿಂತ ಆ ಒಂದು ಫಲಕ ದೊಡ್ಡ ಮಾತನ್ನು ಹೇಳಿತು.

ಅರಿವಿನ ಜೊತೆಗೇ ಬಂದ ಅಂಜಿಕೆ

ಆದರೆ ಸ್ಯಾನಟೋರಿಯಮ್ಮಿಗೆ ಮಿತಿಗಳಿದ್ದವು. ಮಂಚಗಳು ಕೆಲವೇ, ರೋಗಿಗಳು ಅಸಂಖ್ಯ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲ್ಲಿರಬೇಕು. ಕೂಲಿ ಮಾಡಿ ಸಂಸಾರ ಸಾಗಿಸುವವನು ಅಷ್ಟು ದಿನ ಮನೆ ಬಿಟ್ಟಿರಲಾರ. ಮಕ್ಕಳೊಂದಿಗಳಾದ ತಾಯಿ ಹೋಗಲಾರಳು. ಹೋದವರಲ್ಲಿಯೂ ಹಲವರು ರೋಗ ಬಲಿತ ಮೇಲೆಯೇ ಹೋಗುತ್ತಿದ್ದರು. ಹೀಗಾಗಿ ಊರಹೊರಗಿನ ಆ ಆವರಣ ಜನರ ಮನಸ್ಸಿನಲ್ಲಿ ಹೋದವರು ಹಿಂದಿರುಗದ ಜಾಗವೆಂದು ಅಚ್ಚೊತ್ತಿತು. ರೋಗ ಅಂಟುವಂಥದು ಎಂಬ ತಿಳಿವಳಿಕೆ ಹರಡಿದಷ್ಟೂ ರೋಗಿಯಿಂದ ದೂರ ಸರಿಯುವ ಪ್ರವೃತ್ತಿಯೂ ಹೆಚ್ಚಿತು. ಹಿಂದೆ ಶಾಪಗ್ರಸ್ತನೆಂದು ದೂರವಿರಿಸಿದ್ದವರು ಈಗ ಸೋಂಕುಳ್ಳವನೆಂದು ದೂರವಿರಿಸಿದರು. ಕಾರಣ ಬದಲಾಯಿತು, ತಟ್ಟೆ ಲೋಟ ಬೇರೆ ಇಡುವುದು ಬದಲಾಗಲಿಲ್ಲ. ಅರ್ಧ ಅರಿವು ಅಜ್ಞಾನದಷ್ಟೇ ಕ್ರೂರವಾಗಬಲ್ಲದು ಎಂಬುದಕ್ಕೆ ಕ್ಷಯದ ಚರಿತ್ರೆಯಷ್ಟು ಒಳ್ಳೆಯ ನಿದರ್ಶನ ಬೇರೊಂದಿಲ್ಲ.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು; 1952ರಲ್ಲಿ ಐಸೊನಿಯಜಿಡ್ ಬಳಕೆಗೆ ಬಂತು. ಕ್ಷಯಕ್ಕೆ ಮದ್ದಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು. ಈ ಮದ್ದುಗಳನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು ಕೊಡಬೇಕೇ, ಮನೆಯಲ್ಲಿಯೇ ಕೊಡಬಹುದೇ ಎಂಬುದು ಮುಂದಿನ ಪ್ರಶ್ನೆ. 1956ರಲ್ಲಿ ಸ್ಥಾಪಿತವಾದ ಮದರಾಸಿನ ಕ್ಷಯರೋಗ ಚಿಕಿತ್ಸಾ ಸಂಶೋಧನ ಕೇಂದ್ರ ಇದಕ್ಕೆ ಉತ್ತರ ಹುಡುಕಿತು. ಬಡವರ ಇಕ್ಕಟ್ಟಾದ ಮನೆಗಳಿಂದ ಬಂದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಮ್ಮಿನಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಒಂದೇ ಔಷಧಿಗಳನ್ನು ಒಂದು ವರ್ಷ ಕೊಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆರಗುಗೊಳಿಸಿತು. ಸ್ಯಾನಟೋರಿಯಮ್ಮಿನವರಿಗೆ ಒಳ್ಳೆಯ ಊಟ, ಒಳ್ಳೆಯ ವಿಶ್ರಾಂತಿ ಇದ್ದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅವರಷ್ಟೇ ಗುಣ ಹೊಂದಿದ್ದರು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ತಗಲಲೂ ಇಲ್ಲ. ರೋಗಿಯನ್ನು ಊರಿನಿಂದ ಹೊರಗೆ ಕಳುಹಿಸಬೇಕಾದ ಅಗತ್ಯವೇ ಇಲ್ಲವೆಂದು ಶಾಸ್ತ್ರ ಒಪ್ಪಿದ ಕ್ಷಣವದು. ಜಗತ್ತಿನಾದ್ಯಂತ ಸ್ಯಾನಟೋರಿಯಮ್ಮುಗಳ ಯುಗ ಮುಗಿಯತೊಡಗಿತು. ಮೈಸೂರಿನದು ಮುಚ್ಚಲಿಲ್ಲ, ವೈದ್ಯಕೀಯ ಕಾಲೇಜಿಗೆ ಸೇರಿದ ಎದೆರೋಗದ ಆಸ್ಪತ್ರೆಯಾಗಿ ತನ್ನ ಕೆಲಸವನ್ನು ಮುಂದುವರಿಸಿತು.

ತುಮಕೂರಿನ ಹಳ್ಳಿಗಳು ಹೇಳಿದ್ದು

ಇದೇ ಕಾಲಕ್ಕೆ ಇನ್ನೊಂದು ನಂಬಿಕೆಯೂ ಕುಸಿಯಿತು. ಕ್ಷಯವು ನಗರಗಳ, ಗಿರಣಿಗಳ, ಇಕ್ಕಟ್ಟಾದ ಗಲ್ಲಿಗಳ ರೋಗ. ಹಳ್ಳಿಗಳ ಶುದ್ಧ ಗಾಳಿಯಲ್ಲಿ ಅದು ಕಡಿಮೆ ಎಂದು ಎಲ್ಲರೂ ಭಾವಿಸಿದ್ದರು. 1955ರಿಂದ 1958ರವರೆಗೆ ದೇಶದ ಹಲವೆಡೆ ನಡೆದ ಸಮೀಕ್ಷೆಯು ಹಳ್ಳಿಗಳಲ್ಲಿಯೂ ರೋಗ ನಗರಗಳಷ್ಟೇ ಇದೆಯೆಂದು ತೋರಿಸಿತು. ಭಾರತದ ಬಹುಪಾಲು ಜನ ಹಳ್ಳಿಗಳಲ್ಲಿದ್ದರು. ಆದ್ದರಿಂದ ಬಹುಪಾಲು ಕ್ಷಯರೋಗಿಗಳೂ ಹಳ್ಳಿಗಳಲ್ಲಿದ್ದರು. ಚಿಕಿತ್ಸೆ ಮಾತ್ರ ನಗರಗಳಲ್ಲಿತ್ತು.

ಈ ಸಮಸ್ಯೆಗೆ ಪರಿಹಾರ ಕಂಡುಹಿಡಿಯಲು 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್ಡನ್ ಮಾಹ್ಲರ್ ಆಗ ಅಲ್ಲಿ ದುಡಿದವರಲ್ಲೊಬ್ಬರು. ಸಂಸ್ಥೆಯವರು ತುಮಕೂರು ಜಿಲ್ಲೆಯನ್ನು ಆರಿಸಿಕೊಂಡು, ಎಕ್ಸ್‌ರೇ ಮತ್ತು ಕಫಪರೀಕ್ಷೆಗಳಿಂದ ಹಳ್ಳಿಗಳಲ್ಲಿ ಎಷ್ಟು ಮಂದಿಗೆ ಕ್ಷಯವಿದೆಯೆಂದು ಅಳೆದರು. ಅದರ ಬೆನ್ನಿಗೇ ವೈದ್ಯರೂ ಸಮಾಜ ಅಧ್ಯಯನಕಾರರೂ ಆದ ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಇನ್ನೊಂದು ಅಧ್ಯಯನ ಕೈಗೊಂಡರು. ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳ ಮನೆಬಾಗಿಲಿಗೆ ಹೋಗಿ, ನಿಮಗೆ ಏನು ಅನಿಸುತ್ತಿದೆ, ಏನು ಮಾಡಿದಿರಿ ಎಂದು ಕೇಳುವುದೇ ಅದರ ವಿಧಾನ. ಅದರ ವರದಿ 1963ರಲ್ಲಿ ಪ್ರಕಟವಾಯಿತು.

ಅಂದಿನ ಅಧಿಕಾರಿಗಳ, ವೈದ್ಯರ ನಂಬಿಕೆ ಏನಿತ್ತೆಂಬುದನ್ನು ಮೊದಲು ನೆನೆಯಬೇಕು. ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಕ್ಕಿಡುವುದಿಲ್ಲ, ಮಾಟ ಮಂತ್ರಗಳಿಗೆ ಮೊರೆಹೋಗುತ್ತಾರೆ, ಆದ್ದರಿಂದ ಎಕ್ಸ್‌ರೇ ವಾಹನಗಳನ್ನು ಹಳ್ಳಿಗಳಿಗೆ ಕಳುಹಿಸಿ ರೋಗಿಗಳನ್ನು ಹುಡುಕಿ ತೆಗೆಯಬೇಕು, ಇಲ್ಲವೇ ಪ್ರಚಾರದಿಂದ ಅವರಲ್ಲಿ ಅರಿವು ತುಂಬಬೇಕು. ತುಮಕೂರಿನ ಹಳ್ಳಿಗಳು ಈ ನಂಬಿಕೆಯನ್ನು ತಲೆಕೆಳಗು ಮಾಡಿದವು. ಕಫದಲ್ಲಿ ದಂಡಾಣು ಕಂಡುಬಂದ ರೋಗಿಗಳಲ್ಲಿ ಸುಮಾರು ಶೇಕಡಾ 95 ಮಂದಿಗೆ ತಮ್ಮಲ್ಲಿ ರೋಗಲಕ್ಷಣಗಳಿರುವುದು ತಿಳಿದಿತ್ತು. ಬಹುಪಾಲು ಜನ ಅದಕ್ಕಾಗಿ ಚಿಂತಿಸುತ್ತಲೂ ಇದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಧುನಿಕ ವೈದ್ಯಪದ್ಧತಿಯ ಆಸ್ಪತ್ರೆ, ಔಷಧಾಲಯಗಳಿಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದೇನು? ಒಂದು ಸೀಸೆ ಕೆಮ್ಮಿನ ಔಷಧಿ. ಕಫವನ್ನು ಪರೀಕ್ಷಿಸಿದವರಿಲ್ಲ, ಕ್ಷಯವಿರಬಹುದೆಂದು ಶಂಕಿಸಿದವರಿಲ್ಲ.

ಇದರ ಅರ್ಥವೇನು? ಕೂಲಿಯನ್ನು ಕಳೆದುಕೊಂಡು, ಮೈಲಿಗಟ್ಟಲೆ ನಡೆದು, ಸರದಿಯಲ್ಲಿ ಕಾದು ನಿಂತ ರೈತನಿಗೆ ಅರಿವಿನ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಮೇಜಿನ ಆಚೆ ಬದಿಯಲ್ಲಿ. ರೋಗಿಯು ತನ್ನ ದೇಹದ ಮಾತನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದನು. ಆಸ್ಪತ್ರೆ ಅವನ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಆ ಸೀಸೆಯೊಂದಿಗೆ ಹಿಂದಿರುಗಿದವನು ಇನ್ನೊಮ್ಮೆ ಅಲ್ಲಿಗೆ ಹೋಗದಿದ್ದರೆ, ನಾಟಿ ಮದ್ದಿಗೋ ಹರಕೆಗೋ ಶರಣಾದರೆ, ಅದನ್ನು ಮೂಢನಂಬಿಕೆ ಎಂದು ಕರೆಯುವುದು ಎಷ್ಟು ನ್ಯಾಯ?

ಈ ಅಧ್ಯಯನದ ಪರಿಣಾಮ ದೇಶವ್ಯಾಪಿಯಾದದ್ದು. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ಪ್ರತ್ಯೇಕ ಕ್ಷಯಾಸ್ಪತ್ರೆಗಳ ಬದಲಿಗೆ ಸಾಮಾನ್ಯ ಆರೋಗ್ಯ ಕೇಂದ್ರಗಳನ್ನೇ ಆಧಾರವಾಗಿ ಇಟ್ಟುಕೊಂಡಿತು. ಕೆಮ್ಮೆಂದು ತಾನಾಗಿ ಬಂದವನ ಕಫವನ್ನು ಅಲ್ಲಿಯೇ ಪರೀಕ್ಷಿಸುವುದು, ರೋಗವಿದ್ದರೆ ಮನೆಗೆ ಹತ್ತಿರವಾದ ಕೇಂದ್ರದಲ್ಲಿಯೇ ಉಚಿತವಾಗಿ ಮದ್ದು ಕೊಡುವುದು ಅದರ ತಿರುಳು. ಇದಕ್ಕೆ ದುಬಾರಿ ಯಂತ್ರಗಳು ಬೇಕಿರಲಿಲ್ಲ. ಒಂದು ಗಾಜಿನ ಪಟ್ಟಿಯ ಮೇಲೆ ಕಫವನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ದಂಡಾಣುಗಳು ಕಾಣುತ್ತವೆ. ಬೇಕಾದದ್ದು ನೋಡುವ ಮನಸ್ಸು. ಜಿಲ್ಲೆಜಿಲ್ಲೆಗಳಿಂದ ಬಂದ ತಂಡಗಳಿಗೆ ಬೆಂಗಳೂರಿನ ಸಂಸ್ಥೆ ಈ ಕೆಲಸದ ತರಬೇತಿ ಕೊಟ್ಟಿತು.

ಚಿಕಿತ್ಸೆ ಇಲ್ಲದಿದ್ದರೆ

ಅದೇ ಸಂಸ್ಥೆಯ ಇನ್ನೊಂದು ಅಧ್ಯಯನವೂ ಇಲ್ಲಿ ಉಲ್ಲೇಖಾರ್ಹ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಕ್ಷಯರೋಗಿಗಳ ಗತಿಯನ್ನು ಐದು ವರ್ಷಗಳ ಅವಧಿಗೆ ದಾಖಲಿಸಲಾಯಿತು. ವ್ಯವಸ್ಥಿತ ಚಿಕಿತ್ಸೆ ಇನ್ನೂ ತಲುಪದಿದ್ದ ಹಳ್ಳಿಗಳವು. ಐದು ವರ್ಷಗಳ ಕೊನೆಗೆ ಕಂಡದ್ದಿಷ್ಟು: ಕಫದಲ್ಲಿ ದಂಡಾಣುವಿದ್ದ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತಿದ್ದರು, ಮೂರನೆಯ ಒಂದು ಭಾಗದಷ್ಟು ಮಂದಿ ದೇಹಬಲದಿಂದಲೇ ಚೇತರಿಸಿಕೊಂಡಿದ್ದರು, ಉಳಿದವರು ರೋಗವನ್ನು ಹೊತ್ತುಕೊಂಡೇ ಬದುಕಿದ್ದು, ಸುತ್ತಲಿನವರಿಗೆ ಹಂಚುತ್ತಿದ್ದರು. ಚಿಕಿತ್ಸೆಯಿಲ್ಲದ ಕ್ಷಯ ಏನು ಮಾಡುತ್ತದೆ ಎಂಬುದಕ್ಕೆ ಜಗತ್ತಿನ ವೈದ್ಯಗ್ರಂಥಗಳು ಇಂದಿಗೂ ಈ ಹಳ್ಳಿಗಳನ್ನು ಸಾಕ್ಷಿಯಾಗಿ ಕರೆಯುತ್ತವೆ. ಆ ಅಂಕಿಗಳ ಹಿಂದೆ ಇರುವವರು ಹೆಸರಿಲ್ಲದ ಕನ್ನಡ ರೈತರು, ಅವರ ಹೆಂಡಂದಿರು, ಮಕ್ಕಳು. ಕೃಷ್ಣಾಜಮ್ಮಣ್ಣಿಯವರ ಮನೆಯಲ್ಲಿ ಆದದ್ದೇ ಅವರ ಮನೆಗಳಲ್ಲಿಯೂ ಆಯಿತು. ಅವರ ನೆನಪಿಗೆ ಆಸ್ಪತ್ರೆ ಕಟ್ಟಿಸುವವರಿರಲಿಲ್ಲ, ಅಷ್ಟೇ.

ಇಂದಿನ ಸ್ಥಿತಿ

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕಾರ್ಯಕ್ರಮ ಉತ್ತಮವಾಗಿದ್ದರೂ ಹಣ, ಮದ್ದು, ಸಿಬ್ಬಂದಿಗಳ ಕೊರತೆಯಿಂದ ಸೊರಗಿತು; ಚಿಕಿತ್ಸೆ ಆರಂಭಿಸಿದವರಲ್ಲಿ ಹಲವರು ನಡುವೆಯೇ ಬಿಟ್ಟರು. ಅದನ್ನು ಸರಿಪಡಿಸಲು 1997ರಲ್ಲಿ ಪರಿಷ್ಕೃತ ಕಾರ್ಯಕ್ರಮ ಬಂತು. ರೋಗಿ ಮದ್ದು ನುಂಗುವುದನ್ನು ಆರೋಗ್ಯ ಕಾರ್ಯಕರ್ತರು ಎದುರಿಗಿದ್ದು ನೋಡುವ ಪದ್ಧತಿ ಜಾರಿಗೆ ಬಂತು. ನಾಲ್ಕು ಮದ್ದುಗಳಿಂದ ಆರಂಭವಾಗುವ ಆರು ತಿಂಗಳ ಚಿಕಿತ್ಸೆ ಸಾಮಾನ್ಯ ಕ್ಷಯವನ್ನು ಸಂಪೂರ್ಣವಾಗಿ ಗುಣಪಡಿಸಬಲ್ಲದು. 2012ರಲ್ಲಿ ಕ್ಷಯವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು ಘೋಷಿಸಲಾಯಿತು. ಖಾಸಗಿ ವೈದ್ಯರೂ ಅದಕ್ಕೆ ಬದ್ಧರು. ಕ್ಷಯವಿಲ್ಲದ ಸ್ಥಿತಿಯನ್ನು ಸೂಚಿಸುವ 'ನಿಕ್ಷಯ' ಎಂಬ ಹೆಸರನ್ನು ನೋಂದಣಿ ವ್ಯವಸ್ಥೆಗೆ ಇಡಲಾಯಿತು. 2018ರಿಂದ ರೋಗಿಗಳ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ ಬಂದು, 2024ರ ಕೊನೆಯಲ್ಲಿ ಅದು 1000 ರೂಪಾಯಿಗೆ ಏರಿತು. ಇಷ್ಟಾದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲಿಯೇ ಇದ್ದಾರೆ.

ಆಹಾರದ ವಿಚಾರದಲ್ಲಿ ಚರಿತ್ರೆ ಒಂದು ಸುತ್ತು ಹೊಡೆದು ಮೊದಲಿನ ಜಾಗಕ್ಕೆ ಬಂದಿದೆ. ಮದ್ದಿದ್ದರೆ ವಿಶೇಷ ಊಟವಿಲ್ಲದೆಯೂ ರೋಗ ಗುಣವಾಗುತ್ತದೆಂದು ಮದರಾಸಿನ ಪ್ರಯೋಗ ತೋರಿಸಿದಂದಿನಿಂದ ವೈದ್ಯರು ತಟ್ಟೆಯ ಕಡೆ ನೋಡುವುದನ್ನು ಬಿಟ್ಟಿದ್ದರು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡಿನಲ್ಲಿ ನಡೆದ ಅಧ್ಯಯನವು 2023ರಲ್ಲಿ ಪ್ರಕಟವಾಗಿ ಈ ಧೋರಣೆಯನ್ನು ತಿದ್ದಿತು. ರೋಗಿಯ ಮನೆಯವರಿಗೂ ಪೌಷ್ಟಿಕ ಆಹಾರ ಒದಗಿಸಿದಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಇತರರಿಗೆ ಹರಡಬಲ್ಲ ಶ್ವಾಸಕೋಶದ ಕ್ಷಯವಂತೂ ಶೇಕಡಾ 48ರಷ್ಟು ಕಡಿಮೆಯಾಯಿತು. ಗುಣಪಡಿಸಲು ಮದ್ದು ಬೇಕು. ಬಾರದಂತೆ ತಡೆಯಲು ಅನ್ನವೂ ಬೇಕು. ಚರಕನು ಎಣಿಸಿದ ಕಾರಣಗಳೂ, ಮೈಸೂರಿನಂಥ ಸ್ಯಾನಟೋರಿಯಮ್ಮುಗಳ ಹಾಲು ಹಣ್ಣುಗಳೂ ಪೂರ್ತಿಯಾಗಿ ತಪ್ಪಾಗಿರಲಿಲ್ಲ.

ಅರಿವು ಯಾರಿಗೆ?

ಈ ಒಟ್ಟು ಚರಿತ್ರೆಯಿಂದ ಹೊರಡುವ ತಾತ್ಪರ್ಯ ಸರಳವಾದದ್ದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಇಳಿಯುವ ತೂಕ, ಕಫದಲ್ಲಿ ರಕ್ತ. ಇವನ್ನು ಕಂಡರೆ ಕಫಪರೀಕ್ಷೆ ಮಾಡಿಸಬೇಕೆಂದು ಜನರಿಗೆ ಹೇಳುವುದು ಅವಶ್ಯ. ಆದರೆ ಅದು ಅರಿವಿನ ಅರ್ಧ ಭಾಗ ಮಾತ್ರ. ಬಂದವನನ್ನು ಕೆಮ್ಮಿನ ಸೀಸೆ ಕೊಟ್ಟು ಕಳುಹಿಸದಿರುವುದು ವೈದ್ಯರ ಅರಿವು. ಮದ್ದು ಆರಂಭವಾದ ಕೆಲವು ವಾರಗಳಲ್ಲಿಯೇ ರೋಗ ಹರಡುವ ಶಕ್ತಿ ತಗ್ಗುತ್ತದೆಂದು ತಿಳಿದು, ಅವನನ್ನು ಕೆಲಸದಿಂದ, ಪಂಕ್ತಿಯಿಂದ, ಸಂಬಂಧದಿಂದ ದೂರವಿಡದಿರುವುದು ಸಮಾಜದ ಅರಿವು. ಮದ್ದಿನ ದಾಸ್ತಾನು ತಪ್ಪದಂತೆ ನೋಡಿಕೊಳ್ಳುವುದು ಸರ್ಕಾರದ ಅರಿವು. ಇವು ಮೂರೂ ಇಲ್ಲದೆ ರೋಗಿಯೊಬ್ಬನಿಗೇ ಅರಿವು ಹೇಳುತ್ತ ಹೋದರೆ ಅವನ ಪಾಲಿಗೆ ಉಳಿಯುವುದು ಅಪರಾಧಭಾವ ಮಾತ್ರ. ದಕ್ಷನ ಶಾಪ ಹೊಸ ವೇಷದಲ್ಲಿ ಹಿಂದಿರುಗಿದಂತಾಗುತ್ತದೆ.

ಮಹಾರಾಜರಿಗೆ ಕ್ಷಯದ ಕೆಮ್ಮು ಕೇಳಿಸಿದ್ದು ಅದು ಅವರ ಮನೆಯಲ್ಲಿಯೇ ಇದ್ದುದರಿಂದ. ಆದರೆ ಕೇಳಿಸಿಕೊಂಡ ಮೇಲೆ ಅವರು ಅದನ್ನು ಮನೆಯೊಳಗೇ ಮುಚ್ಚಿಡಲಿಲ್ಲ. ಪರರ ಮನೆಗಳ ಕೆಮ್ಮಿಗೂ ಒಂದು ಸೂರನ್ನು ಕಟ್ಟಿಸಿ, ಅದಕ್ಕೆ ಸಹೋದರಿಯ ಹೆಸರನ್ನಿಟ್ಟರು. ಆ ಹೆಸರು ಇಂದು ಎರಡು ಅಕ್ಷರಗಳಿಗೆ ಕುಗ್ಗಿದೆ. ಕೃಷ್ಣರಾಜಸಾಗರದ ರಸ್ತೆಯಲ್ಲಿ ಆ ಬಾಗಿಲನ್ನು ಹಾದುಹೋಗುವ ಬಸ್ಸಿನಲ್ಲಿ ಯಾರಾದರೂ ಬಹಳ ಹೊತ್ತು ಕೆಮ್ಮಿದರೆ, ಪಕ್ಕದವರು ಮುಖ ತಿರುಗಿಸುವ ಬದಲು ಕಫ ಪರೀಕ್ಷೆ ಮಾಡಿಸಿದ್ದೀರಾ ಎಂದು ಮೆಲ್ಲಗೆ ಕೇಳುವಂತಾದರೆ, ಕೃಷ್ಣಾಜಮ್ಮಣ್ಣಿಯವರ ಹೆಸರಿಗೆ ಅದಕ್ಕಿಂತ ಸಾರ್ಥಕವಾದ ಸ್ಮಾರಕ ಬೇರೆ ಬೇಕಾಗಿಲ್ಲ.